ಅವ್ವನ ಹೆಜ್ಜೆ ಎಣಿಸಿದವರಿಗೆಲ್ಲ ಶರಣು

ಹೋದ ವಾರ ನಮ್ಮವ್ವನ ಕೊನೆಯ ನಡಿಗೆ ಪರೀಕ್ಷೆ ಮುಗಿಯಿತು. ಪಾರ್ಕಿನ್ಸನ್ ಅನ್ನುವ ಮಿದುಳಿನ ಕಾಯಿಲೆ ಇದ್ದವರ ನಡಿಗೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಅಂತ ತಿಳಿಯಲು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅಧ್ಯಯನ ನಡೆಯುತ್ತಿತ್ತು. ಅವ್ವ ಅದಕ್ಕೆ ಹೆಸರು ಕೊಟ್ಟಿದ್ದಳು. ಪ್ರತಿ ವರ್ಷ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ, ನಡೆದು ತೋರಿಸಿ ಬಂದಳು. ಒಂದು ಸಲವೂ ತಪ್ಪಿಸಲಿಲ್ಲ. ಈ ಹೊತ್ತಿನಲ್ಲಿ ಕೆಲವರಿಗೆ ಶರಣು ಹೇಳಲೇಬೇಕು.

ಮೊದಲು ನಮ್ಮ ವೈನಿಗೆ. ನಡೆಯುವಾಗ ಅವ್ವನ ಬಲಗೈ ಬೀಸುತ್ತಿಲ್ಲ ಅಂತ ಮೊದಲು ಕಂಡಿದ್ದು ಅವರಿಗೇ. ಜೋಳದ ರೊಟ್ಟಿ ಬಡಿದು ಮಾರಿ ನಮ್ಮನ್ನೆಲ್ಲ ಓದಿಸಿದ ಕೈ ಅದು. ಓಣಿಯೆಲ್ಲ ಮೊಣಕಾಲು ನೋವು, ವಯಸ್ಸು ಅನ್ನುತ್ತಿತ್ತು. ವೈನಿ ಮಾತ್ರ "ಎಡಗೈ ಬೀಸ್ತೈತಿ, ಬಲಗೈ ಬೀಸವಲ್ದು, ಇದನ್ನ ಡಾಕ್ಟರಿಗೆ ಹೇಳ್ರಿ" ಅಂತ ಹಟ ಹಿಡಿದರು. ಒಂದು ಕಡೆಯ ಕೈ ಬೀಸುವುದು ಕಡಿಮೆಯಾಗುವುದು ಈ ಕಾಯಿಲೆಯ ಮೊದಮೊದಲ ಲಕ್ಷಣಗಳಲ್ಲಿ ಒಂದಂತೆ. ನಡುಕ ಎಲ್ಲರಿಗೂ ಬರುವುದಿಲ್ಲ. ಅವ್ವನಿಗೆ ಈಗಲೂ ಅಷ್ಟಾಗಿ ಇಲ್ಲ.

ಕೆಲವು ವರ್ಷ ಮಾತ್ರೆ ಚೆನ್ನಾಗಿಯೇ ಹಿಡಿಯಿತು. ಆಮೇಲೆ ಶುರುವಾಯಿತು ನೋಡಿ, ಕಾಲು ನಿಲ್ಲುವುದು. ಅಡುಗೆಮನೆಯಿಂದ ಪಡಸಾಲೆಗೆ ಬರುವಾಗ ಹೊಸ್ತಿಲ ಹತ್ತಿರ ಅವ್ವ ನಿಂತುಬಿಡುತ್ತಿದ್ದಳು. ಮೈ ಮುಂದಕ್ಕೆ ವಾಲುತ್ತೆ, ಹಿಮ್ಮಡಿ ಏಳುತ್ತೆ, ಬೆರಳು ಮಾತ್ರ ನೆಲ ಬಿಡುವುದಿಲ್ಲ. "ಯಾರೋ ಕಾಲು ಹಿಡಕೊಂಡಂಗ ಆಗೈತಿ" ಅನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಿಟ್ಟರೆ ಏನೂ ಆಗಿಲ್ಲದವಳ ಹಾಗೆ ನಡೆದು ಹೋಗುತ್ತಿದ್ದಳು. ಗೊತ್ತಿಲ್ಲದವರಿಗೆ ಬೇಕಂತಲೇ ನಿಂತಳು ಅನ್ನಿಸಬೇಕು, ಹಾಗೆ. ಡಾಕ್ಟರುಗಳು ಇದಕ್ಕೆ ಫ್ರೀಜಿಂಗ್ ಅನ್ನುತ್ತಾರೆ. ಬಾಗಿಲು, ಇಕ್ಕಟ್ಟಾದ ಜಾಗ, ತಿರುಗುವುದು, ಅವಸರ, ಇವು ಬಂದರೆ ಇದು ಜಾಸ್ತಿ.

ಪರೀಕ್ಷೆಯಲ್ಲಿ ಏನು ಮಾಡ್ತಾರೆ ಅಂತ ಬಹಳ ಜನ ಕೇಳಿದ್ದೀರಿ. ಎರಡೂ ಕಾಲಿಗೆ, ಸೊಂಟಕ್ಕೆ ಸಣ್ಣ ಸೆನ್ಸರ್ ಕಟ್ಟುತ್ತಾರೆ. ಕಾಲಿನ ಒತ್ತಡ ಅಳೆಯುವ ಉದ್ದನೆಯ ಚಾಪೆ ಮೇಲೆ ನಡೆಸುತ್ತಾರೆ. ಹೆಜ್ಜೆ ಎಷ್ಟು ಉದ್ದ, ಒಂದು ಹೆಜ್ಜೆಗೂ ಇನ್ನೊಂದಕ್ಕೂ ಎಷ್ಟು ಹೆಚ್ಚುಕಡಿಮೆ, ಎಲ್ಲ ಕಂಪ್ಯೂಟರಿಗೆ ಹೋಗುತ್ತೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂಡಬೇಕು. ಅದಕ್ಕೆ ಹಿಡಿದ ಸೆಕೆಂಡ್ ಬರೆದುಕೊಳ್ಳುತ್ತಾರೆ. ಹಿಂದೆ ನಿಂತು ಭುಜ ಹಿಡಿದು ಎಳೆದು, ಎಷ್ಟು ಹೆಜ್ಜೆಯಲ್ಲಿ ಸಾವರಿಸಿಕೊಳ್ಳುತ್ತಾಳೆ ಅಂತಲೂ ನೋಡುತ್ತಾರೆ.

ಕಷ್ಟ ಆಗಿದ್ದು ಲೆಕ್ಕ. ನಡೆಯುತ್ತಲೇ 100ರಿಂದ 7 ಕಳೆಯುತ್ತ ಹೋಗಬೇಕು. ಅವ್ವ 93 ಅಂದಳು, 86 ಅಂದಳು, 79 ಅನ್ನುವಷ್ಟರಲ್ಲಿ ನಿಂತಳು. ದಿನದ ರೊಟ್ಟಿ ಲೆಕ್ಕವನ್ನೆಲ್ಲ ಬಾಯಲ್ಲೇ ಹಾಕಿದವಳು, ಲೆಕ್ಕ ತಪ್ಪಲಿಲ್ಲ. ಕಾಲು ನಿಂತಿತು. ನಮಗೆಲ್ಲ ನಡಿಗೆ ತಾನಾಗಿ ಆಗುತ್ತೆ, ಅಲ್ವಾ? ಪಾರ್ಕಿನ್ಸನ್ ಇದ್ದವರಿಗೆ ಹಾಗಲ್ಲ. ಒಂದೊಂದು ಹೆಜ್ಜೆಗೂ ಗಮನ ಕೊಡಬೇಕು. ಗಮನ ಅತ್ತ ಹೋದರೆ ಕಾಲು ಇಲ್ಲೇ ಉಳಿಯುತ್ತೆ. ಮಾತಾಡಿಸಿದಾಗ ನಡಿಗೆ ನಿಲ್ಲಿಸುವ ವೃದ್ಧರು ಮುಂದೆ ಬೀಳುವ ಸಂಭವ ಹೆಚ್ಚು ಅಂತ ಸ್ವೀಡನ್ನಿನ ಸಂಶೋಧಕರು 1997ರಲ್ಲೇ ತೋರಿಸಿದ್ದರು. ಇದು ತಿಳಿದ ಮೇಲೆ ನಮ್ಮ ಓಣಿಯವರು ಮಾಡಿದ್ದನ್ನು ನಾನು ಮರೆಯಲಾರೆ. ಅವ್ವ ಹೊರಗೆ ಕಂಡರೆ ಸಾಕು, "ಅಕ್ಕಾರ, ಊಟ ಆತೇನ್ರಿ" ಅಂತ ದೂರದಿಂದಲೇ ಕೂಗುತ್ತಿದ್ದವರು ಈಗ ಸುಮ್ನೆ ನಿಂತು ಕಾಯುತ್ತಾರೆ. ಅವಳು ಕಟ್ಟೆಯ ಮೇಲೆ ಕೂತ ಮೇಲೆ ಬಂದು ಮಾತಾಡಿಸುತ್ತಾರೆ. ಸಣ್ಣ ಹುಡುಗರಿಗೂ ಗೊತ್ತಿದೆ.

ಅವ್ವನಿಗೂ ಶರಣು. ಕೆಲವು ಪರೀಕ್ಷೆಗಳನ್ನು ಮಾತ್ರೆ ಇಲ್ಲದ ಹೊತ್ತಿನಲ್ಲಿ ಮಾಡುತ್ತಾರೆ. ಹಿಂದಿನ ರಾತ್ರಿಯಿಂದ ಡಾಕ್ಟರು ಹೇಳಿದಂತೆ ಮಾತ್ರೆ ನಿಲ್ಲಿಸಬೇಕು. (ಮನೆಯಲ್ಲಿ ಯಾರೂ ಇದನ್ನು ತಾವಾಗಿಯೇ ಮಾಡಬೇಡಿ. ಈ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಅಪಾಯ.) ಆ ಬೆಳಗ್ಗೆ ಅವ್ವನಿಗೆ ಮಗ್ಗಲು ಬದಲಿಸಲೂ ಆಗುತ್ತಿರಲಿಲ್ಲ. ವೀಲ್‌ಚೇರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆವು. ಆ ಕಾಲಲ್ಲೇ ಎದ್ದು ಚಾಪೆಯ ಮೇಲೆ ನಡೆಯುತ್ತಿದ್ದಳು. ಇದರಿಂದ ನಿಮಗೆ ಗುಣವಾಗುತ್ತೆ ಅಂತ ನಾವು ಹೇಳುವುದಿಲ್ಲ, ಯಾವಾಗ ಬೇಕಾದರೂ ಬಿಡಬಹುದು ಅಂತ ಆಸ್ಪತ್ರೆಯವರು ಒಪ್ಪಿಗೆ ಪತ್ರವನ್ನು ಮೊದಲೇ ಕನ್ನಡದಲ್ಲಿ ಓದಿ ಹೇಳಿದ್ದರು. "ಮುಂದಿನವರಿಗೆ ಉಪಯೋಗ ಆದ್ರ ಸಾಕು, ಎಳೀ ಹೆಬ್ಬೆಟ್ಟು" ಅಂದಿದ್ದಳು ಅವ್ವ.

ಅಲ್ಲಿನ ಫಿಸಿಯೋಥೆರಪಿಸ್ಟ್ ತಂಗಿಗೆ ನಾವು ಏನು ಕೊಟ್ಟರೂ ಕಡಿಮೆ. ಕಲಬುರಗಿ ಕಡೆಯ ಹುಡುಗಿ, ಅವ್ವನ ಮಾತು ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ಒಂದು ಹಾಳೆಯ ಮೇಲೆ ನಮ್ಮ ಮನೆಯ ನಕ್ಷೆ ಬರೆಸಿಕೊಂಡಳು. ಎಲ್ಲೆಲ್ಲಿ ಕಾಲು ನಿಲ್ಲುತ್ತೆ ಅಂತ ಅವ್ವನಿಂದಲೇ ಗುರುತು ಹಾಕಿಸಿದಳು. ಆ ಜಾಗದಲ್ಲೆಲ್ಲ ಹೆಜ್ಜೆಗೊಂದರಂತೆ ಅಡ್ಡಪಟ್ಟಿ ಅಂಟಿಸಲು ಹೇಳಿದಳು. ನಮ್ಮದು ಕಡಪ ಕಲ್ಲಿನ ಕಪ್ಪು ನೆಲ, ಅದಕ್ಕೆ ಬಿಳಿ ಪಟ್ಟಿ. ಮೊದಲು ವೈನಿ ರಂಗೋಲಿಯಿಂದ ಎಳೆದು ನೋಡಿದರು. ಅಳಿಸಿಹೋಗುತ್ತಿತ್ತು, ಜಾರುವ ಭಯ ಬೇರೆ. ಕೊನೆಗೆ ಟೇಪ್ ತಂದು ಅಂಟಿಸಿದೆವು. ಅವ್ವ ಪಟ್ಟಿ ನೋಡುತ್ತ, ಒಂದೊಂದೇ ದಾಟುತ್ತ, ಹೊಸ್ತಿಲಲ್ಲೂ ನಿಲ್ಲದೆ ಪಡಸಾಲೆಗೆ ಬಂದಳು. ಬಂದವಳು ತಿರುಗಿ ನೋಡಿ, "ಇನ್ನೊಮ್ಮೆ ಹೋಗ್ಲೇನು?" ಅಂದಳು. ವೈನಿ ಕಣ್ಣೊರೆಸಿಕೊಂಡರು.

ಈ ಪಟ್ಟಿಯ ಹಿಂದೆ ಎಷ್ಟು ಜನರ ದುಡಿಮೆ ಇದೆ ಅಂತ ಆ ತಂಗಿ ಹೇಳುತ್ತ ಹೋದಳು. ನಾನೂ ಆಮೇಲೆ ಓದಿಕೊಂಡೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಜನರ ಬಗ್ಗೆ ಬರೆದರು. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡಿದ್ದಷ್ಟೆ. ಮೈ ಮುಂದೆ ಬಾಗಿ, ನಡಿಗೆ ಹೋಗಿ ಓಟವಾಗುವುದನ್ನು ಆಗಲೇ ಗುರುತಿಸಿದ್ದರು. 1960ರಲ್ಲಿ ವಿಯೆನ್ನಾದ ಹೊರ್ನಿಕಿಯೇವಿಚ್ ಮತ್ತು ಅವರ ಜೊತೆಗಾರರು ತೀರಿಕೊಂಡ ರೋಗಿಗಳ ಮಿದುಳು ಪರೀಕ್ಷಿಸಿ, ಅಲ್ಲಿ ಮೈಯ ಚಲನೆಗೆ ಬೇಕಾದ ಡೋಪಮೈನ್ ಅನ್ನುವ ರಾಸಾಯನಿಕ ಬಹಳ ಕಡಿಮೆ ಇದೆ ಅಂತ ಕಂಡುಕೊಂಡರು. ಅವ್ವ ನುಂಗುವ ಲೆವೊಡೋಪ ಮಾತ್ರೆ ಬಂದಿದ್ದು ಅಲ್ಲಿಂದ. 1990ರ ದಶಕದಲ್ಲಿ ಮೆಲ್ಬರ್ನಿನ ಮೆಗ್ ಮಾರಿಸ್, ರಾಬರ್ಟ್ ಇಯಾನ್ಸೆಕ್ ಮತ್ತವರ ತಂಡ ರೋಗಿಗಳ ಹೆಜ್ಜೆ ಅಳೆದರು. ಇವರಿಗೆ ಉದ್ದ ಹೆಜ್ಜೆ ಹಾಕುವ ಶಕ್ತಿ ಹೋಗಿಲ್ಲ, ಹೆಜ್ಜೆಯ ಅಳತೆಯನ್ನು ಮಿದುಳು ತಾನಾಗಿ ಕೊಡುತ್ತಿಲ್ಲ ಅಷ್ಟೆ. ನೆಲದ ಮೇಲೆ ಗೆರೆ ಇದ್ದರೆ ಆ ಅಳತೆ ಕಣ್ಣಿನಿಂದ ಸಿಗುತ್ತೆ ಅಂತ ತೋರಿಸಿದರು. ಕಿವಿಗೆ ತಾಳ ಕೊಟ್ಟರೂ ನಡಿಗೆ ಸುಧಾರಿಸುತ್ತೆ ಅಂತ ಅಮೆರಿಕದ ಮೈಕೇಲ್ ಥೌಟ್ ಅವರ ತಂಡ 1996ರಲ್ಲಿ ಹೇಳಿತು. ಮೊಬೈಲಿನ ಟಿಕ್ ಟಿಕ್ ಅವ್ವನಿಗೆ ಹಿಡಿಸಲಿಲ್ಲ. ಅದಕ್ಕೆ ನಮ್ಮ ಚಿಗವ್ವ ಸಂಜೆ ಬಂದು ಭಜನೆಯ ತಾಳ ಹಾಕುತ್ತಾರೆ, ಅವ್ವ ಅಂಗಳದಲ್ಲಿ ನಡೆಯುತ್ತಾಳೆ. ಚಿಗವ್ವಗೂ ಶರಣು.

ಇವರ ಜೊತೆಗೆ, ಹೆಸರಿಲ್ಲದೆ ಚಾಪೆಯ ಮೇಲೆ ನಡೆದುಕೊಟ್ಟ ಸಾವಿರಾರು ರೋಗಿಗಳಿದ್ದಾರೆ. ಅವರು ಕಾಲೆಳೆಯುತ್ತ ಬಂದು ನಡೆಯದೇ ಇದ್ದಿದ್ದರೆ ನಮ್ಮ ಮನೆಯ ನೆಲದ ಮೇಲೆ ಈ ಪಟ್ಟಿ ಇರುತ್ತಿರಲಿಲ್ಲ. ಈಗ ನಮ್ಮವ್ವನೂ ಅವರ ಸಾಲಿನಲ್ಲಿದ್ದಾಳೆ. ನನಗೆ ಬಹಳ ಹೆಮ್ಮೆ.

ಅಲ್ಲೇ ಪರಿಚಯವಾದ ಸಿಂಧನೂರು ಕಡೆಯ ಕಾಕಾ ಅವರನ್ನೂ ನೆನೆಯಬೇಕು. ಅವರ ಹೆಂಡತಿಗೆ ಇದ್ದದ್ದು ಪಾರ್ಕಿನ್ಸನ್ ಅಲ್ಲ, ಪಿಎಸ್‌ಪಿ ಅನ್ನುವ ಕಾಯಿಲೆ. 1964ರಲ್ಲಿ ಮೂವರು ವೈದ್ಯರು ಅದನ್ನು ಬೇರೆ ಕಾಯಿಲೆ ಅಂತ ಗುರುತಿಸಿದರಂತೆ. ಅದರಲ್ಲಿ ಶುರುವಿನಲ್ಲೇ ಹಿಂದಕ್ಕೆ ಬೀಳುತ್ತಾರೆ, ಕಣ್ಣು ಕೆಳಗೆ ಹೊರಳಿಸುವುದು ಕಷ್ಟ, ಮಾತ್ರೆಯೂ ಅಷ್ಟಾಗಿ ಹಿಡಿಯುವುದಿಲ್ಲ. ಅಂಥ ಕಷ್ಟದಲ್ಲೂ ಆ ಕಾಕಾ ನಮಗೆ ಬುತ್ತಿ ಹಂಚಿದರು, ಯಾವ ಕೋಣೆ ಎಲ್ಲಿದೆ ಅಂತ ಕರೆದುಕೊಂಡು ಹೋಗಿ ತೋರಿಸಿದರು. ಕಾಲೆಳೆಯುವವರೆಲ್ಲರಿಗೂ ಒಂದೇ ಕಾಯಿಲೆ ಅಲ್ಲ ಅಂತ ನಮಗೆ ತಿಳಿದಿದ್ದು ಅವರಿಂದ. ಮಿದುಳಿನಲ್ಲಿ ನೀರು ತುಂಬಿಕೊಂಡು ನಡಿಗೆ ಕೆಡುವುದೂ ಉಂಟು. ಅದನ್ನು ಬೇಗ ಹಿಡಿದರೆ ಎಷ್ಟೋ ಜನರಿಗೆ ಆಪರೇಷನ್ ಮಾಡಿ ನಡಿಗೆ ಸುಧಾರಿಸಬಹುದು. ಅದಕ್ಕೇ ನ್ಯೂರಾಲಜಿ ಡಾಕ್ಟರಿಗೆ ಒಮ್ಮೆ ತೋರಿಸಿ ಅಂತ ಎಲ್ಲರಿಗೂ ಹೇಳುತ್ತೇನೆ.

ರೈಲಿನಲ್ಲಿ ಕೆಳಗಿನ ಬರ್ತ್ ಬಿಟ್ಟುಕೊಟ್ಟ ಎಲ್ಲರಿಗೂ ಶರಣು. ಒಮ್ಮೆ ಬೋಗಿಯ ಬಾಗಿಲಲ್ಲೇ ಅವ್ವನ ಕಾಲು ನಿಂತಿತು. ಹಿಂದೆ ಜನ. "ಅವಸರ ಮಾಡಬ್ಯಾಡ್ರಿ, ಆಯಿ ಇಳೀಲಿ" ಅಂತ ಒಬ್ಬ ಹುಡುಗ ಎರಡೂ ಕೈ ಚಾಚಿ ಜನರನ್ನು ತಡೆದು ನಿಂತ. ನಾನು ಅವ್ವನ ಪಾದದ ಮುಂದೆ ನನ್ನ ಪಾದ ಅಡ್ಡ ಇಟ್ಟೆ, ದಾಟವ್ವ ಅಂದೆ. ಇದನ್ನೂ ಆ ತಂಗಿಯೇ ಹೇಳಿಕೊಟ್ಟಿದ್ದು. "ಮಕ್ಕಳನ್ನ ದಾಟಬಾರದಲ್ಲ" ಅಂದಳು ಅವ್ವ, ಅಂಥ ಹೊತ್ತಿನಲ್ಲೂ. ಆಮೇಲೆ ಮೈಯನ್ನು ಎಡಕ್ಕೆ ಬಲಕ್ಕೆ ತೂಗಿ, ನನ್ನ ಕಾಲು ದಾಟಿ ಇಳಿದಳು. ಆ ಹುಡುಗನ ಹೆಸರು ಕೇಳಲು ಹೊತ್ತು ಸಿಗಲಿಲ್ಲ. ಅವನ ಹೊಟ್ಟೆ ತಣ್ಣಗಿರಲಿ.

ಮಾತ್ರೆ ಖಾಲಿಯಾಗುವ ಮೊದಲೇ ತರಿಸಿ ಇಟ್ಟ ನಮ್ಮೂರಿನ ಔಷಧಿ ಅಂಗಡಿಯ ಅಣ್ಣನಿಗೆ, ರಜೆ ಬೇಕು ಅಂದಾಗ ಒಮ್ಮೆಯೂ ಬೇಸರ ಮಾಡದ ನನ್ನ ಶಾಲೆಯವರಿಗೆ ಶರಣು.

ಕಾಯಿಲೆ ಹೋಗಿಲ್ಲ. ಕೆಟ್ಟ ದಿನಗಳೂ ಇವೆ, ಪಟ್ಟಿ ಇದ್ದರೂ ಕಾಲು ಏಳದ ದಿನ. ಆದರೆ ಅವ್ವ ಈಗ ಹೆದರಿ ಮೂಲೆಯಲ್ಲಿ ಕೂಡುವುದಿಲ್ಲ. ಕೊಪ್ಪಳದಲ್ಲಾಗಲಿ, ಸುತ್ತಮುತ್ತಲ ಹಳ್ಳಿಯಲ್ಲಾಗಲಿ ನಿಮ್ಮ ಮನೆಯ ಹಿರಿಯರಿಗೆ ಹೀಗೆ ಕಾಲು ನಿಲ್ಲುತ್ತಿದ್ದರೆ ನಮ್ಮ ಮನೆಗೆ ಬನ್ನಿ. ಪಟ್ಟಿ ಹೇಗೆ ಅಂಟಿಸಿದ್ದೇವೆ ಅಂತ ತೋರಿಸುತ್ತೇವೆ, ಟೇಪ್ ಎಲ್ಲಿ ಸಿಗುತ್ತೆ ಹೇಳುತ್ತೇವೆ. ಬೆಳಗಿನ ಮಾತ್ರೆ ಹಿಡಿದ ಮೇಲೆ, ಹತ್ತು ಗಂಟೆಯ ನಂತರ ಬಂದರೆ ಒಳ್ಳೆಯದು. ಆ ಹೊತ್ತಿಗೆ ಅವ್ವನೇ ನಡೆದು ತೋರಿಸುತ್ತಾಳೆ.