ಇಲ್ಲಿನ ಸೂರ್ಯ ಗಡಿಯಾರ ಬೇಡ ಅಪ್ಪ

ಮೆಲ್ಬರ್ನ್

ಪ್ರೀತಿಯ ಅಪ್ಪನವರಿಗೆ ನಮಸ್ಕಾರಗಳು.

ಬರುವಾಗ ಇಲ್ಲಿಂದ ಒಂದು ಸೂರ್ಯ ಗಡಿಯಾರ ತಾ ಎಂದು ಹೇಳಿದ್ದೀರಿ. ತರುವುದು ಕಷ್ಟವಲ್ಲ. ಆದರೆ ಇಲ್ಲಿಯದು ಅಲ್ಲಿ, ಭಾರತದಲ್ಲಿ, ಸರಿಯಾದ ಹೊತ್ತು ತೋರಿಸುವುದಿಲ್ಲ. ಅಲ್ಲಿಗೆಂದೇ ಒಂದನ್ನು ನೀವೇ ಮಾಡಿ. ಅದೇ ಒಳ್ಳೆಯದು.

ನೆರಳು ಬೀಳಿಸುವ ಓರೆ ಪಟ್ಟಿ ಭೂಮಿಯ ಅಕ್ಷದ ದಿಕ್ಕಿನಲ್ಲೇ ಇರಬೇಕು. ಅಂದರೆ ಅದರ ಓರೆ ಆ ಜಾಗದ ಅಕ್ಷಾಂಶದಷ್ಟೇ ಇರಬೇಕು. ಇಲ್ಲಿ ಸುಮಾರು 38 ಡಿಗ್ರಿ, ಎತ್ತರದ ತುದಿ ದಕ್ಷಿಣಕ್ಕೆ. ನಿಮಗೆ 13 ಡಿಗ್ರಿ, ತುದಿ ಉತ್ತರಕ್ಕೆ. ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ, ನೆರಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಹಾಗಾಗಿ ಅಂಕಿಗಳೂ ಉಲ್ಟಾ. ಭೂಮಿಯ ಉತ್ತರಾರ್ಧದಲ್ಲೇ ಬೇರೆ ಕಡೆ ಮಾಡಿದ್ದಾದರೆ ಕೆಳಗೆ ಬೆಣೆ ಕೊಟ್ಟು ಸರಿಮಾಡಬಹುದಿತ್ತು. ಇದನ್ನಾದರೆ ದಕ್ಷಿಣಕ್ಕೆ 51 ಡಿಗ್ರಿಯಷ್ಟು ವಾಲಿಸಬೇಕು, ಅದು ಸುಲಭವಲ್ಲ. ಕ್ರಿ.ಪೂ. 263ರಲ್ಲಿ ರೋಮನ್ನರು ಸಿಸಿಲಿಯ ಕತಾನಿಯಾದಿಂದ ಒಂದನ್ನು ತಂದು ನಿಲ್ಲಿಸಿದರು. ಗೆರೆಗಳು ರೋಮಿಗೆ ಹೊಂದದಿದ್ದರೂ 99 ವರ್ಷ ಅದನ್ನೇ ನಂಬಿದ್ದರಂತೆ. ಅಲ್ಲಿ ಇದ್ದ ಅಕ್ಷಾಂಶದ ವ್ಯತ್ಯಾಸ ನಾಲ್ಕೈದು ಡಿಗ್ರಿ ಮಾತ್ರ!

ಗಂಟೆಯ ಗೆರೆಗಳನ್ನು ಮಾತ್ರ 15 ಡಿಗ್ರಿಗೊಂದರಂತೆ ಸಮನಾಗಿ ಎಳೆಯಬೇಡಿ. ಮಲಗಿಸಿಟ್ಟ ಹಲಗೆಗೆ ಅದು ತಪ್ಪು. ನಿಮ್ಮ 13 ಡಿಗ್ರಿಗೆ ಲೆಕ್ಕ ಹಾಕಿದ್ದೇನೆ. 12ರ ಗೆರೆ ನೇರ ಉತ್ತರಕ್ಕೆ. ಅಲ್ಲಿಂದ ಪೂರ್ವದ ಕಡೆಗೆ 1 ಗಂಟೆಗೆ 3.5 ಡಿಗ್ರಿ, 2ಕ್ಕೆ 7.4, 3ಕ್ಕೆ 12.7, 4ಕ್ಕೆ 21.3, 5ಕ್ಕೆ 40, 6ಕ್ಕೆ 90. ಬೆಳಗಿನ ಗಂಟೆಗಳಿಗೆ ಇದೇ ಅಳತೆ ಪಶ್ಚಿಮದ ಕಡೆಗೆ. ಮಧ್ಯಾಹ್ನದ ಗೆರೆಗಳು ತೀರಾ ಒತ್ತಾಗಿ ಬರುತ್ತವೆ, ಅದಕ್ಕೇ ಹಲಗೆ ಆದಷ್ಟು ದೊಡ್ಡದಿರಲಿ. ಎಲ್ಲ ಗೆರೆಗಳೂ ಪಟ್ಟಿ ಹಲಗೆಗೆ ತಾಗುವ ದಕ್ಷಿಣದ ಬಿಂದುವಿನಿಂದಲೇ ಹೊರಡಬೇಕು.

ಉತ್ತರ ಕಂಡುಹಿಡಿಯಲು ದಿಕ್ಸೂಚಿ ಬೇಡ. ಅದು ತೋರಿಸುವುದು ಕಾಂತೀಯ ಉತ್ತರ. ಮೆಲ್ಬರ್ನಿನಲ್ಲಿ ಅದು ನಿಜವಾದ ಉತ್ತರದಿಂದ 11 ಡಿಗ್ರಿಗಿಂತ ಜಾಸ್ತಿ ಪೂರ್ವಕ್ಕಿದೆ. ನಿಮ್ಮ ಕಡೆ ವ್ಯತ್ಯಾಸ ತುಂಬಾ ಕಡಿಮೆ, ಆದರೂ ನಮ್ಮ ಹಳಬರ ಕ್ರಮವೇ ನನಗೆ ಇಷ್ಟ. ಮಟ್ಟದ ನೆಲದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಸುತ್ತ ವೃತ್ತ ಎಳೆಯಿರಿ. ನೆರಳಿನ ತುದಿ ಬೆಳಗ್ಗೆ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ. ಅದಕ್ಕೆ ಲಂಬವಾಗಿ ಎಳೆದದ್ದು ಉತ್ತರ-ದಕ್ಷಿಣ. ಎಷ್ಟು ಚೆಂದದ ಉಪಾಯ ಅಲ್ವಾ?

ಕೈಗಡಿಯಾರದ ಜೊತೆ ಹೋಲಿಸಿ ಬೇಜಾರಾಗಬೇಡಿ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ನೀವಿರುವುದು 77.5ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ ನಿಮ್ಮ ಸೂರ್ಯ 20 ನಿಮಿಷ ಹಿಂದೆ. ಇದರ ಮೇಲೆ ಸೂರ್ಯನದೇ ಏರುಪೇರು ಬೇರೆ. ಫೆಬ್ರವರಿ ಮಧ್ಯದಲ್ಲಿ ಇನ್ನೂ 14 ನಿಮಿಷ ಹಿಂದೆ ಬೀಳುತ್ತಾನೆ, ನವೆಂಬರ್ ಮೊದಲ ವಾರ 16 ನಿಮಿಷ ಮುಂದಿರುತ್ತಾನೆ. ಅಂದರೆ ಒಟ್ಟು ವ್ಯತ್ಯಾಸ ಫೆಬ್ರವರಿಯಲ್ಲಿ 34 ನಿಮಿಷ, ನವೆಂಬರಿನಲ್ಲಿ 4 ನಿಮಿಷ.

ಮೊದಲು ರಟ್ಟಿನಲ್ಲಿ ಒಂದು ಮಾಡಿ ನೋಡಿ. ನೆರಳಿನ ಫೋಟೋ ತೆಗೆದು, ತಾರೀಖು, ಸಮಯ ಬರೆದು ಕಳುಹಿಸಿ. ಲೆಕ್ಕ ನೋಡಿ ಹೇಳುತ್ತೇನೆ, ಆಮೇಲೆ ಕಲ್ಲಿನಲ್ಲಿ ಕೆತ್ತಿಸೋಣ. ಅಮ್ಮನಿಗೂ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಮಗಳು