ಮಗಳಿಗೊಂದು ಪತ್ರ: ಗ್ರಾಫಿಕ್ಸ್ ಕಾರ್ಡು, ಸಣ್ಣ ಅಕ್ಷರ

ಸಾಗರ, ಭಾನುವಾರ ರಾತ್ರಿ

ಪುಟ್ಟೀ,

ನಿನ್ನೆ ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಆರ್‌ಟಿಎಕ್ಸ್ 5060 ಟಿಐ, 16 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡು, ಆಟದ ಚಿತ್ರ ಬಿಡಿಸಿ ಪರದೆಗೆ ಕಳಿಸುವಂಥದ್ದು. ಕೆಳಗೆ ಹಸಿರು ಬಣ್ಣದಲ್ಲಿ ‘ನೋ ಕಾಸ್ಟ್ ಇಎಂಐ’. ಅದರ ಕೆಳಗೆ ನಿನ್ನದೊಂದು ಸಾಲು: ‘ಅಮ್ಮಾ, ಬ್ಲೆಂಡರ್ ಕಲಿಯೋದಕ್ಕೂ ಆಗುತ್ತೆ.’ ಬ್ಲೆಂಡರ್ ಅಂದರೆ ಆ ಮೂರು ಆಯಾಮದ ಚಿತ್ರ ಮಾಡುವ ಸಾಫ್ಟ್‌ವೇರ್ ತಾನೇ? ಓದಿ ನಗು ಬಂತು. ಪಿಯುಸಿಯಲ್ಲಿದ್ದಾಗ ನಾನು ಟೇಪ್ ರೆಕಾರ್ಡರ್ ಕೊಡಿಸು ಅಂತ ನಿನ್ನ ಅಜ್ಜನ ಬೆನ್ನು ಬಿದ್ದಿದ್ದು ‘ಇಂಗ್ಲಿಷ್ ಉಚ್ಚಾರಣೆ ಕಲಿಯೋದಕ್ಕೆ’ ಅಂತಲೇ.

ಫೋನಿನಲ್ಲಿ ಹೇಳಹೊರಟರೆ ನೀನು ‘ಹ್ಞೂಂ, ಹ್ಞೂಂ’ ಅನ್ನುತ್ತಲೇ ಬೇರೇನೋ ನೋಡುತ್ತಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿ ಕೌಂಟರಿನ ಮುಂದೆ ನಿಂತಾಗ ತೆಗೆದು ನೋಡಬಹುದು.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಸ್ಟೈಪೆಂಡಿನಲ್ಲಿ ನೀನು ಉಳಿಸಿದ್ದು 22,000, ನಾನು ಕೊಡುವುದು 15,000. ಒಟ್ಟು 37,000. ಇಎಂಐ ಬೇಡ. ‘ನೋ ಕಾಸ್ಟ್’ ಅಂದರೂ ಬಡ್ಡಿಯ ಲೆಕ್ಕದ ಮೇಲೆ ಬ್ಯಾಂಕು ಜಿಎಸ್‌ಟಿ ಹಾಕುತ್ತದೆ, ಪ್ರೊಸೆಸಿಂಗ್ ಶುಲ್ಕ ಅಂತ ಇನ್ನೊಂದಿಷ್ಟು ಸೇರುತ್ತದೆ. ಆಟದ ಸಾಮಾನಿಗೆ ಸಾಲ ಮಾಡುವ ಕಾಲ ನಿನಗಿನ್ನೂ ಬಂದಿಲ್ಲ ಮಾರಾಯ್ತಿ.

ಇನ್ನು ಕೆಲಸದ ಮಾತು. ಕಾರ್ಡಿನ ವಿಡಿಯೋ ನೋಡುವುದನ್ನು ಒಂದು ದಿನ ಬಿಟ್ಟು, ಕ್ಯಾಬಿನೆಟ್ಟಿನ ಎಡಗಡೆ ಬಾಗಿಲು ಬಿಚ್ಚು. ಹಿಂದೆ ಎರಡು ಸ್ಕ್ರೂ ಇದೆ. ಒಳಗೆ ಮಷಿನ್ನಿಗೆಲ್ಲ ಕರೆಂಟು ಹಂಚುವ ಡಬ್ಬಿ, ಅಂದರೆ ಎಸ್‌ಎಂಪಿಎಸ್, ಅದರ ಮೇಲೆ ಒಂದು ಸ್ಟಿಕರ್ ಕಾಣುತ್ತದೆ. ದೊಡ್ಡದಾಗಿ ‘450 ವ್ಯಾಟ್’ ಅಂತ ಇದೆಯಲ್ಲ, ಅದನ್ನು ಬಿಡು. ಕೆಳಗಿನ ಪಟ್ಟಿಯಲ್ಲಿ +12 ವೋಲ್ಟ್ ಅಂತ ಒಂದು ಮನೆ ಇದೆ, ಅದರ ಕೆಳಗೆ ಎಷ್ಟು ಆಂಪ್ಸ್ ಅಂತ ಬರೆದಿದೆ. ನನಗೆ ನೆನಪಿರುವಂತೆ 16. ಹನ್ನೆರಡನ್ನು ಹದಿನಾರರಿಂದ ಗುಣಿಸಿದರೆ 192. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಕರೆಂಟು ಎಳೆಯುವುದು ಬಹುತೇಕ ಈ 12 ವೋಲ್ಟಿನ ಲೈನಿನಿಂದಲೇ. ಅಂದರೆ ‘450’ರಲ್ಲಿ ನಿನ್ನ ಕೆಲಸಕ್ಕೆ ಸಿಗುವುದು 192.

ತಪ್ಪು ನನ್ನದೇ. 2021ರಲ್ಲಿ ಆ ಮಷಿನ್ ಜೋಡಿಸಿದ್ದು ನಮ್ಮ ಅಂಗಡಿಯ ಡಿಸೈನ್ ಕೆಲಸಕ್ಕೆ. ಕಾರ್ಡು ಹಾಕುವ ಯೋಚನೆ ಆಗ ಇರಲಿಲ್ಲ, ಕ್ಯಾಬಿನೆಟ್ ಜೊತೆಗೇ ಬಂದ ಎಸ್‌ಎಂಪಿಎಸ್ ಸಾಕು ಅನ್ನಿಸಿತ್ತು. ಆಮಂತ್ರಣ ಪತ್ರಿಕೆ ಮಾಡುವುದಕ್ಕೆ ಸಾಕಾಗಿಯೂ ಇತ್ತು. ಆದರೆ ನಿನ್ನ ಪ್ರೊಸೆಸರ್, ಐ5-10400, ಹೆಸರಿಗೆ 65 ವ್ಯಾಟಿನದಾದರೂ ಜೋರು ಹಿಡಿದಾಗ ಸ್ವಲ್ಪ ಹೊತ್ತು ಅದರ ದುಪ್ಪಟ್ಟು ಎಳೆಯುತ್ತದೆ. ಟಿಐ ಅಲ್ಲದ ಬರೀ 5060 ಕಾರ್ಡೇ 145 ವ್ಯಾಟು. ಎರಡನ್ನೂ ಕೂಡಿಸಿ ನೋಡು. ಆಟ ರಂಗೇರಿದಾಗಲೇ ಮಷಿನ್ ಪಟ್ ಅಂತ ಆಫ್ ಆಗುತ್ತದೆ. ಆಫ್ ಆದರೆ ಪುಣ್ಯ. ಅಗ್ಗದ ಎಸ್‌ಎಂಪಿಎಸ್ ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುವುದುಂಟು.

ಹಾಗಾಗಿ 37,000ದಲ್ಲಿ ಮೊದಲ ನಾಲ್ಕೈದು ಸಾವಿರ ಒಂದು ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ಗೆ. ಕರೆಂಟು ವ್ಯರ್ಥ ಮಾಡುವುದು ಕಡಿಮೆ ಅನ್ನುವ 80 ಪ್ಲಸ್ ಬ್ರಾಂಜ್ ಗುರುತು ಇರಲಿ, 12 ವೋಲ್ಟಿನ ಲೈನಿನಲ್ಲಿ 40 ಆಂಪ್ಸ್ ಹತ್ತಿರ ಇರಲಿ. ಕಾರ್ಡಿಗೆ ಹೋಗುವ ಎಂಟು ಪಿನ್ನಿನ ವಯರು ಅದರದ್ದೇ ಇರಬೇಕು. ಬೋರ್ಡಿನ ಸ್ಲಾಟು ಕೊಡುವುದು ಹೆಚ್ಚೆಂದರೆ 75 ವ್ಯಾಟು, ಎಂಟು ಪಿನ್ನಿನ ವಯರು 150. ಹಳೇ ಹಾರ್ಡ್‌ಡಿಸ್ಕಿನ ನಾಲ್ಕು ಪಿನ್ನನ್ನು ಎಂಟು ಪಿನ್ ಮಾಡುವ ಕನ್ವರ್ಟರ್ ಕೊಡುತ್ತೇನೆ ಅಂತ ಯಾರಾದರೂ ಅಂದರೆ ನಮಸ್ಕಾರ ಹೇಳಿ ಬಾ. ಅದರ ತುದಿ ಕರಗಿ ಅಂಟಿಕೊಂಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಈಗ ನನ್ನದೊಂದು ಕಥೆ, ಹಿಂದೆ ನಿನಗೆ ಹೇಳಿಲ್ಲ. 2016ರಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಕೆಲಸವನ್ನೂ ಮಾಡೋಣ ಅಂತ ಹುಮ್ಮಸ್ಸು ಬಂತು. ಒಂದು ಅಂಗಡಿಯಲ್ಲಿ ಜಿಟಿ 730 ಕಾರ್ಡು ತೋರಿಸಿದರು. ಡಬ್ಬಿ ಮೇಲೆ ಅಂಗೈಯಗಲ ‘4 ಜಿಬಿ’. ಪಕ್ಕದಲ್ಲೇ 2 ಜಿಬಿಯದು ಅದಕ್ಕಿಂತ ದುಬಾರಿ ಇತ್ತು! ನಾಲ್ಕು ಅಗ್ಗ, ಎರಡು ದುಬಾರಿ, ಇವರಿಗೆ ಲೆಕ್ಕ ಬರುವುದಿಲ್ಲ ಅಂದುಕೊಂಡು ಖುಷಿಯಿಂದ ನಾಲ್ಕರದ್ದು ತಂದೆ. ಮನೆಗೆ ಬಂದು ಹಾಕಿ ನೋಡಿದರೆ ವಿಡಿಯೋ ಎಳೆದಾಡುತ್ತಿದೆ. ಆಮೇಲೆ ಡಬ್ಬಿಯ ಪಕ್ಕದ ಪಟ್ಟಿ ಓದಿದೆ: ಡಿಡಿಆರ್3, 64 ಬಿಟ್. ಅಂದರೆ ನಿಧಾನದ ಮೆಮೊರಿ, ಕಿರಿದಾದ ದಾರಿ. ಜಿಟಿ 730 ಅನ್ನುವ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕಾರ್ಡು ಮಾರುತ್ತಿದ್ದರು. ವೇಗದ ಜಿಡಿಡಿಆರ್5 ಇದ್ದದ್ದರ ಮೆಮೊರಿ ಸೆಕೆಂಡಿಗೆ 40 ಜಿಬಿ ಸಾಗಿಸಿದರೆ, ನಾನು ತಂದದ್ದು 14.4. ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ, ಅಷ್ಟೇ. ಲಗ್ನಪತ್ರಿಕೆಯ ಒತ್ತಕ್ಷರ, ದೀರ್ಘ ಎಲ್ಲ ಮೂರು ಮೂರು ಸಲ ತಿದ್ದುವವಳು ನಾನು. ನನ್ನ ಸ್ವಂತ ದುಡ್ಡಿನ ಡಬ್ಬಿಯ ಪ್ರೂಫ್ ನೋಡಲಿಲ್ಲ.

ಆ ಆಟ ಇನ್ನೂ ನಿಂತಿಲ್ಲ. ಆರ್‌ಟಿಎಕ್ಸ್ 3050 ಅಂತ ಎರಡಿವೆ. 2022ರಲ್ಲಿ ಬಂದದ್ದು 8 ಜಿಬಿ, 128 ಬಿಟ್. 2024ರಲ್ಲಿ ಬಂದದ್ದು 6 ಜಿಬಿ, 96 ಬಿಟ್. ಎರಡನೆಯದರಲ್ಲಿ ಒಳಗಿನ ಕೋರುಗಳೂ ಕಡಿಮೆ. ಹೆಸರು ಮಾತ್ರ ಅದೇ. 3060ಯಲ್ಲೂ ಹಾಗೆ, 12 ಜಿಬಿಯದು ಒಂದು ದಾರಿ, ಆಮೇಲೆ ಬಂದ 8 ಜಿಬಿಯದು ಇನ್ನೊಂದು ದಾರಿ. ನಿನ್ನ ಕಣ್ಣು ಬಿದ್ದಿರುವ 5060 ಟಿಐ ಕೂಡ 8ರಲ್ಲೂ ಇದೆ, 16ರಲ್ಲೂ ಇದೆ. ಆನ್‌ಲೈನಿನಲ್ಲಿ ‘ಅರೇ, ಇಷ್ಟು ಅಗ್ಗವೇ’ ಅನ್ನಿಸಿದ ಕೂಡಲೇ ಆ ಅಂಕಿ ನೋಡು.

ಈಗ ನಿನ್ನ ಪಟ್ಟಿಗೆ ಬರೋಣ. 16 ಜಿಬಿಯ 5060 ಟಿಐಗೆ ಬಿಡುಗಡೆಯಾದಾಗ ಅಮೆರಿಕದಲ್ಲಿ ಕಂಪನಿ ಹೇಳಿದ ಬೆಲೆ 429 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದು, 18% ಜಿಎಸ್‌ಟಿ ಸೇರಿಸಿದರೆ 45,560. ಅಂಗಡಿಯವರ ಲಾಭ ಇನ್ನೂ ಸೇರಿಲ್ಲ. ಕಾರ್ಡಿನ ಚಿಪ್ಪು ವಿನ್ಯಾಸ ಮಾಡುವ ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂವರ ಇಂಜಿನಿಯರುಗಳೂ ನಿನ್ನ ಬೆಂಗಳೂರಿನಲ್ಲೇ ಕೂತಿದ್ದಾರೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಅಲ್ಲೇ. ಆದರೂ ಕಾರ್ಡು ಮಾತ್ರ ಹಡಗು ಹತ್ತಿ, ತೆರಿಗೆ ಹೊತ್ತುಕೊಂಡು ಬರಬೇಕು. ನಮ್ಮ ಅಡಿಕೆ ಪರವೂರಿಗೆ ಹೋಗಿ ಗುಟ್ಕಾ ಆಗಿ ವಾಪಸು ಬಂದ ಹಾಗೆ.

ಹಾಗಾದರೆ 32,000ದ ಒಳಗೆ ಏನಿದೆ? ಬಿಡುಗಡೆಯಾದಾಗ 299 ಡಾಲರ್ ಇದ್ದವು ಎರಡು: ಎನ್‌ವಿಡಿಯಾದ ಆರ್‌ಟಿಎಕ್ಸ್ 5060, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 8 ಜಿಬಿ. ಎರಡೂ 2025ರವು. ಅದೇ ಲೆಕ್ಕ ಹಾಕಿದರೆ 31,750ರ ಹತ್ತಿರ. ಇಂಟೆಲ್‌ನ ಆರ್ಕ್ ಬಿ580 ಇನ್ನೂ ಅಗ್ಗ, ಬಂದಾಗ 249 ಡಾಲರ್, ಮೇಲಾಗಿ 12 ಜಿಬಿ. ಕಾಗದದ ಮೇಲೆ ಅದೇ ಗೆಲ್ಲುತ್ತದೆ. ಆದರೆ ಅದಕ್ಕೆ ಬೋರ್ಡಿನ ಮೂಲ ಸೆಟ್ಟಿಂಗಾದ ಬಯೋಸ್‌ನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಂದೇ ಸಲ ಮುಟ್ಟುವ ಸೌಲಭ್ಯ) ಅನ್ನುವುದು ಆನ್ ಆಗಿರಲೇಬೇಕು, ಮತ್ತೆ ಹಳೆಯ ಪ್ರೊಸೆಸರಿನ ಜೊತೆ ಹಾಕಿದರೆ ಅದು ಮಂಕಾಗುತ್ತದೆ ಅಂತ 2025ರ ಜನವರಿಯ ಪರೀಕ್ಷೆಗಳಲ್ಲೇ ಗೊತ್ತಾಯಿತು. ಹೊಸ ಮಷಿನ್ ಕಟ್ಟುವವರಿಗೆ ಒಳ್ಳೆಯದು, ನಿನ್ನ 10400ಕ್ಕೆ ನಾನು ಹಾಕುವುದಿಲ್ಲ. ದುಡ್ಡು ಇನ್ನೂ ಕಡಿಮೆ ಇದ್ದಿದ್ದರೆ 2021ರ ಆರ್‌ಎಕ್ಸ್ 6600 ಹೊಸದು ಸಿಕ್ಕರೆ ತೆಗೆದುಕೋ ಅನ್ನುತ್ತಿದ್ದೆ. 132 ವ್ಯಾಟು, 8 ಜಿಬಿ, ಗಲಾಟೆ ಇಲ್ಲದ ಕಾರ್ಡು. 6 ಜಿಬಿಯ 3050 ಬರೀ 70 ವ್ಯಾಟಿನದು, ಬಹುತೇಕ ಮಾದರಿಗಳಿಗೆ ಬೇರೆ ವಯರೂ ಬೇಡ. ಆದರೆ ವರ್ಷ ತುಂಬುವುದರೊಳಗೆ ನೀನು ಮತ್ತೆ ಸ್ಕ್ರೀನ್‌ಶಾಟ್ ಕಳಿಸುತ್ತೀಯ.

ಉಳಿದ ಎರಡರಲ್ಲಿ ಯಾವುದು? ನಿನ್ನ ಬೋರ್ಡಿನ ಸ್ಲಾಟು ಪಿಸಿಐ ಎಕ್ಸ್‌ಪ್ರೆಸ್ 3, ಅಂದರೆ ಹಳೇ ಪೀಳಿಗೆಯದು. ಅದರಲ್ಲಿ 5060 ಬಳಸುವುದು ಡೇಟಾ ಓಡಾಡುವ ದಾರಿಯ ಎಂಟೇ ಲೇನು, 9060 ಎಕ್ಸ್‌ಟಿ ಹದಿನಾರನ್ನೂ ಬಳಸುತ್ತದೆ. ಕಾರ್ಡಿನ 8 ಜಿಬಿಯೊಳಗೆ ಆಟ ಹಿಡಿಯುವಷ್ಟು ಹೊತ್ತು ಈ ವ್ಯತ್ಯಾಸ ಕಾಣಿಸುವುದೇ ಕಡಿಮೆ. ತುಂಬಿ ಹೊರಚೆಲ್ಲಿ ಕಂಪ್ಯೂಟರಿನ ರ‍್ಯಾಮಿನಿಂದ ತರಿಸಿಕೊಳ್ಳಬೇಕಾದಾಗ ದಾರಿ ಅಗಲ ಇದ್ದವರು ಬಚಾವ್. ಆದ್ದರಿಂದ ಬರೀ ಆಟಕ್ಕಾದರೆ ನನ್ನ ಮತ 9060 ಎಕ್ಸ್‌ಟಿಗೆ. ಬ್ಲೆಂಡರ್ ನಿಜವಾದರೆ 5060. ಮಾಡಿದ ಮಾದರಿಯನ್ನು ಕೊನೆಯ ಚಿತ್ರವಾಗಿ ತೆಗೆಯುವಾಗ, ಅಂದರೆ ರೆಂಡರ್ ಮಾಡುವಾಗ, ಎನ್‌ವಿಡಿಯಾ ಮುಂದಿದೆ, ಅದರಲ್ಲಿ ವಾದವಿಲ್ಲ. ಕಳೆದ ಆರು ತಿಂಗಳಲ್ಲಿ ಎಷ್ಟು ಬ್ಲೆಂಡರ್ ಫೈಲು ಉಳಿಸಿದ್ದೀಯ ಅಂತ ಫೋಲ್ಡರ್ ತೆಗೆದು ನೀನೇ ನೋಡಿಕೋ. ನನಗೆ ಹೇಳಬೇಕಿಲ್ಲ.

8 ಜಿಬಿ ಸಾಲುತ್ತದಾ ಅಂತ ಕೇಳುತ್ತೀಯ. ನಿನ್ನ ಮಾನಿಟರ್ 1920 x 1080, ಅಂದರೆ 20 ಲಕ್ಷ 73 ಸಾವಿರ ಚುಕ್ಕಿ. 4ಕೆ ಅಂದರೆ ಅದರ ನಾಲ್ಕರಷ್ಟು. ನಿನ್ನ ಪರದೆಗೆ ಸಾಕು, ಕೆಲವು ಹೊಸ ಆಟಗಳಲ್ಲಿ ಟೆಕ್ಸ್‌ಚರನ್ನು, ಅಂದರೆ ವಸ್ತುಗಳ ಮೈಮೇಲಿನ ಚಿತ್ರವನ್ನು, ಅಲ್ಟ್ರಾದಿಂದ ಒಂದು ಮೆಟ್ಟಿಲು ಇಳಿಸಬೇಕಾದೀತು. ಆಮೇಲೆ ಆ ಮಾನಿಟರ್ 75 ಹರ್ಟ್ಸಿನದು. ಕಾರ್ಡು ಸೆಕೆಂಡಿಗೆ 200 ಫ್ರೇಮು (ಚಿತ್ರ) ಬರೆದರೂ ಅದು ತೋರಿಸುವುದು 75. ನೀನು ದಿನಾ ಆಡುವ ವ್ಯಾಲರಂಟ್ ಎಂಥ ಕಾರ್ಡಿನಲ್ಲೂ ಓಡುತ್ತದೆ, ಅದಕ್ಕೋಸ್ಕರವಾದರೆ ಮುಂದಿನ ಸ್ಟೈಪೆಂಡಿನಲ್ಲಿ ಮಾನಿಟರ್ ಬದಲಿಸುವುದೇ ಲೇಸು.

ವಿಡಿಯೋಗಳಲ್ಲಿ ತೋರಿಸುವ ಫ್ರೇಮಿನ ಲೆಕ್ಕದ ಬಗ್ಗೆಯೂ ಒಂದು ಮಾತು. 2025ರ ಜನವರಿಯಲ್ಲಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆ ಮೇಲೆ ನಿಂತು, 549 ಡಾಲರಿನ 5070 ಹಿಂದಿನ 4090ರ ಸಾಮರ್ಥ್ಯ ಕೊಡುತ್ತದೆ ಅಂದರು. ಅದು ನಡುನಡುವೆ ಹುಟ್ಟಿಸಿದ ಫ್ರೇಮುಗಳನ್ನು ಸೇರಿಸಿದ ಲೆಕ್ಕ. ನಮ್ಮ ಅಂಗಡಿಗೆ ಜನ ವಾಟ್ಸಾಪಿನಲ್ಲಿ ಬಂದ ಬೆರಳುಗುರಿನಷ್ಟು ಫೋಟೋ ತಂದು ‘ಹತ್ತಡಿ ಫ್ಲೆಕ್ಸ್ ಮಾಡಿಕೊಡಿ ಮೇಡಂ’ ಅನ್ನುತ್ತಾರಲ್ಲ, ನೆನಪಿದೆಯಾ? ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್ ಅನ್ನುವ ತಂತ್ರ ಮಾಡುವುದು ಅದೇ ಜಾತಿಯ ಕೆಲಸ, ನನಗಿಂತ ಬಹಳ ಚೆನ್ನಾಗಿ. ಚಿಕ್ಕದಾಗಿ ಬಿಡಿಸಿ ದೊಡ್ಡದು ಮಾಡುತ್ತದೆ, ಅದರಿಂದ ನಿಜವಾದ ಲಾಭವೂ ಇದೆ. ಫ್ರೇಮ್ ಜನರೇಶನ್ ಬೇರೆ. ಎರಡು ನಿಜವಾದ ಫ್ರೇಮುಗಳ ಮಧ್ಯೆ ಊಹೆಯದನ್ನು ತುರುಕುತ್ತದೆ. ಕಣ್ಣಿಗೆ ನುಣುಪು, ಆದರೆ ನೀನು ಮೌಸ್ ಒತ್ತಿದ್ದು ಬೇಗ ಮುಟ್ಟುವುದಿಲ್ಲ. ಆದ್ದರಿಂದ ಅದನ್ನು ಆಫ್ ಮಾಡಿ ಅಳೆದ ಅಂಕಿಯನ್ನು ಮಾತ್ರ ಹೋಲಿಸು.

ರೂಮ್‌ಮೇಟಿನ ಅಣ್ಣ ಕೊಡುತ್ತೇನೆ ಅಂದ ಹಳೇ 1660 ಸೂಪರ್ ಬೇಡ. ಅದರಲ್ಲಿ ಬೆಳಕು-ನೆರಳಿನ ಲೆಕ್ಕ ಹಾಕುವ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲ. 2025ರ ಮೇ ತಿಂಗಳಲ್ಲಿ ಬಂದ ‘ಡೂಮ್: ದ ಡಾರ್ಕ್ ಏಜಸ್’ ಥರದ ಆಟಗಳಿಗೆ ಅದು ಕಡ್ಡಾಯ. ಇನ್ನು 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಅನ್ನುವ ಡಿಜಿಟಲ್ ನಾಣ್ಯವನ್ನು ಕಾರ್ಡುಗಳಿಂದ ಲೆಕ್ಕ ಹಾಕಿಸಿ ಗಳಿಸುವ ಮೈನಿಂಗ್ ನಿಲ್ಲುವವರೆಗೆ ಆ ಕಾಲದ ಎಷ್ಟೋ ಕಾರ್ಡುಗಳು ಹಗಲೂ ರಾತ್ರಿ ಬೆಂದಿವೆ. ಇದು ಎಲ್ಲಿತ್ತೋ ಯಾರಿಗೆ ಗೊತ್ತು.

ಬೆಲೆ ಇಳಿಯಲಿ ಅಂತ ಕಾಯುವುದೂ ಬೇಡ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಳ್ಳುತ್ತಿವೆ, 2025ರ ಕೊನೆಯಿಂದ ರ‍್ಯಾಮಿನ ಬೆಲೆ ಏರಿದ್ದು ನಿನಗೂ ಗೊತ್ತು. ಕಾರ್ಡಿನ ಮೇಲಿರುವುದೂ ಮೆಮೊರಿಯೇ.

ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಎಸ್‌ಪಿ ರೋಡಿಗೆ ಶನಿವಾರ ಬೆಳಿಗ್ಗೆ ಹೋಗು. ಹೊರಡುವ ಮುಂಚೆ ಕ್ಯಾಬಿನೆಟ್ ಒಳಗೆ ಹಿಂದಿನ ಸ್ಲಾಟಿನಿಂದ ಮುಂದಿನ ಫ್ಯಾನಿನವರೆಗೆ ಟೇಪು ಹಿಡಿದು ಅಳೆದುಕೋ. ಎರಡು ಫ್ಯಾನಿನ ಕಾರ್ಡು ಸಾಕು, ಮೂರು ಫ್ಯಾನಿನದು ಹಿಡಿಸುವುದು ಅನುಮಾನ. ಬಣ್ಣದ ಲೈಟಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡ. ಮೂರು ಅಂಗಡಿಯಲ್ಲಿ ರೇಟು ಕೇಳು, ಫೋನಿನಲ್ಲಿ ಆನ್‌ಲೈನ್ ಬೆಲೆ ತೆಗೆದಿಟ್ಟುಕೊಂಡೇ ಕೇಳು. ಬಿಲ್ಲಿಲ್ಲದೆ ಎರಡು ಸಾವಿರ ಕಡಿಮೆ ಅಂದರೆ ಒಪ್ಪಬೇಡ, ವಾರಂಟಿ ಇರುವುದು ಬಿಲ್ಲಿನಲ್ಲೇ. ಬಿಲ್ಲಿನ ಮೇಲೆ ಕಾರ್ಡಿನ ಸೀರಿಯಲ್ ನಂಬರ್ ಬರೆಸು, ಡಬ್ಬಿಯದೂ ಕಾರ್ಡಿನದೂ ಒಂದೇನಾ ಅಂತ ಅಲ್ಲೇ ನೋಡು. ಒಂದಂಕಿ ಅದಲುಬದಲಾದರೂ ಮುಂದೆ ರಿಪೇರಿಗೆ ಹೋದಾಗ ತಕರಾರು.

ಎಸ್‌ಎಂಪಿಎಸ್ ದುಡ್ಡು 5,000 ಈಗಲೇ ಹಾಕಿದ್ದೇನೆ. ಸ್ಟಿಕರಿನ ಫೋಟೋ ಕಳಿಸಿದ ಮೇಲೆ ಉಳಿದ 10,000. ಹಳೇ ಎಸ್‌ಎಂಪಿಎಸ್ ಬಿಸಾಡಬೇಡ, ಊರಿಗೆ ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಬಾ. ನಮ್ಮ ಬಿಲ್ಲಿಂಗ್ ಮಷಿನ್ನಿನದು ನಿನ್ನೆ ಸಂಜೆಯಿಂದ ಗುಂಯ್ ಅನ್ನುತ್ತಿದೆ.

ನಿನ್ನ
ಅಮ್ಮ