ಕೊನೆಯ ಗಾಡಿಯವನ ನಮಸ್ಕಾರ

ಗೆಳೆಯರೇ,

ಕಳೆದ ಭಾನುವಾರ ನನ್ನ ಮೋಟಾರ್ ಸೈಕಲ್ ಯೆಜ್ಡಿ ರೋಡ್‌ಕಿಂಗ್‌ನ ಕೀಲಿಯನ್ನು ನಮ್ಮ ಬೈಕ್ ಕ್ಲಬ್ಬಿನ ವಡಗಾವಿಯ ನೇಕಾರ ತಮ್ಮನ ಕೈಗಿಟ್ಟೆ. 14 ವರ್ಷ ನಿಮ್ಮೆಲ್ಲರ ಬೆನ್ನ ಹಿಂದೆ ಓಡಿದ ಗಾಡಿ. ಮಾತನಾಡಲು ಎದ್ದು ನಿಂತವನು ಗಂಟಲು ಬಿಗಿದು ಎರಡು ಮಾತಿಗೇ ಕುಳಿತುಬಿಟ್ಟೆ. ಅಂದು ಬಾಯಿಗೆ ಬಾರದ್ದನ್ನು ಇಂದು ಬರೆಯುತ್ತಿದ್ದೇನೆ.

ನನ್ನನ್ನು ಕ್ಲಬ್ಬಿಗೆ ಕರೆತಂದದ್ದು ಒಂದು ಸವೆದ ಬುಷ್, ಯಂತ್ರದ ದಂಡ ತಿರುಗುವ ಲೋಹದ ಬಳೆ. 2011ರ ಮಳೆಗಾಲ. ಬೆಳಗಾವಿಯ ಉದ್ಯಮಬಾಗದ ನನ್ನ ಲೇಥ್ ಶೆಡ್ಡಿಗೆ ಕ್ಯಾಂಪ್ ಪ್ರದೇಶದ ಹುಡುಗನೊಬ್ಬ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಬಿಡಿಭಾಗ ಸಿಗುವುದು ಕಷ್ಟವಾಗಿತ್ತು. ಸಿಕ್ಕರೂ ಅಳತೆ ಕೂಡುತ್ತಿರಲಿಲ್ಲ. ಕಂಚಿನ ಸರಳಿನಿಂದ ಹೊಸದನ್ನು ಕಡೆದುಕೊಟ್ಟೆ. ಹಣ ಕೊಡುವಾಗ ಅವನ ಕಣ್ಣು ಶೆಡ್ಡಿನ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿದ್ದ ನನ್ನ ಗಾಡಿಯ ಮೇಲೆ ಬಿತ್ತು. ಮುಂದಿನ ನಾಲ್ಕು ಭಾನುವಾರ ಅವನು ಅಲ್ಲಿಯೇ ಇದ್ದ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆವು, ಪಾಯಿಂಟ್ ಉಜ್ಜಿದೆವು, ಪೆಟ್ರೋಲಿಗೆ ಎಣ್ಣೆ ಬೆರೆಸಿ ತುಂಬಿದೆವು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿ ಗೇರ್ ಲಿವರ್ ಮಾಡಿಕೊಳ್ಳುವ ಆ ಹಳೆಯ ಅಭ್ಯಾಸ ನನ್ನ ಕಾಲಿಗೆ ಮರೆತಿರಲಿಲ್ಲ. ಆ ಹುಡುಗನಿಗೆ ಮೊದಲ ನಮಸ್ಕಾರ.

ರಿಪೇರಿ ಬಲ್ಲವನು ಎಂದು ನೀವು ನನ್ನನ್ನು ಸಾಲಿನ ಕೊನೆಗೆ ಹಾಕಿದಿರಿ. ನನಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ. ಮುಂದಿನವನು ತಗ್ಗು ಕಂಡೊಡನೆ ಕಾಲು ಚಾಚಿ ತೋರಿಸುತ್ತಾನೆ. ಅದನ್ನು ನೋಡಿ ಅವನ ಹಿಂದಿನವನು, ಮತ್ತೆ ಅವನ ಹಿಂದಿನವನು. ಹನ್ನೆರಡು ಜನರ ಕಾಲು ದಾಟಿ ಆ ಸುದ್ದಿ ನನ್ನವರೆಗೆ ಬರುತ್ತಿತ್ತು. ಕೊನೆಯ ಗಾಡಿ ಬಂದು ನಿಲ್ಲುವವರೆಗೆ ಚಹಾ ಹೇಳಬಾರದು ಎಂಬುದು ನಮ್ಮ ಕಟ್ಟುನಿಟ್ಟು. ಜಾಂಬೋಟಿಯ ಮಳೆಯಲ್ಲಿ ಯಾರದೋ ಪ್ಲಗ್ ಬದಲಿಸಿ ಮುಕ್ಕಾಲು ಗಂಟೆ ತಡವಾಗಿ ಬಂದರೂ ನೀವೆಲ್ಲ ಒದ್ದೆ ಬಟ್ಟೆಯಲ್ಲಿ, ಬರಿಗೈಯಲ್ಲಿ ನನಗಾಗಿ ಕಾಯುತ್ತಾ ನಿಂತಿರುತ್ತಿದ್ದಿರಿ.

ಎಷ್ಟೋ ಸವಾರಿಗಳ ಪೈಕಿ ಮಲಪ್ರಭೆಯ ಸವಾರಿಯೇ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ನದಿ ಹುಟ್ಟುವ ಕಣಕುಂಬಿಯಿಂದ ಅದು ಕೃಷ್ಣೆಯನ್ನು ಸೇರುವ ಕೂಡಲಸಂಗಮದವರೆಗೆ, ಆದಷ್ಟು ದಂಡೆಯ ಊರುಗಳನ್ನೇ ಹಿಡಿದು ಹೋದೆವು. ಕಣಕುಂಬಿಯಲ್ಲಿ ಕಾಡು, ಮಂಜು. ಸಂಜೆಯ ಹೊತ್ತಿಗೆ ರಾಮದುರ್ಗದ ಕಡೆ ಎರೆಹೊಲ, ಜೋಳ, ಬಿಸಿಗಾಳಿ. ಒಂದೇ ದಿನದಲ್ಲಿ ಎರಡು ದೇಶ ಕಂಡಂತಿತ್ತು. ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳಕ್ಕೆ ಕೈಮುಗಿದು ಹೊರಟಾಗ ಖಾನಾಪುರದ ಮಾಸ್ತರರು, “ಈ ನೀರು ಬಸವಣ್ಣನವರ ಕಡೆಗೇ ಹೋಗುತ್ತದೆ” ಎಂದರು. ಹುಟ್ಟಿದಾಗಿನಿಂದ ನೋಡಿದ ನದಿ. ನನಗೆ ಅದು ಹೊಳೆದಿರಲಿಲ್ಲ. ಮರುದಿನ ಪಟ್ಟದಕಲ್ಲಿನಲ್ಲಿ ಹೊಳೆ ಉತ್ತರಕ್ಕೆ ತಿರುಗುವುದನ್ನು ನೋಡಿ, ಐಹೊಳೆ ದಾಟಿ, ಸಂಗಮದ ಐಕ್ಯಮಂಟಪದ ಮೆಟ್ಟಿಲು ಇಳಿಯುವಾಗ ಆ ಮಾತೇ ತಲೆಯಲ್ಲಿತ್ತು. ಮಾಸ್ತರರೇ, ನಿಮಗೆ ಋಣಿ.

2019ರ ಆಗಸ್ಟ್ ಪ್ರವಾಹದ ನಂತರ ಗೋಕಾಕದ ಕಡೆ ಔಷಧ, ಹೊದಿಕೆ ಹೊತ್ತು ಹೋದದ್ದು, ಮರುವರ್ಷ ಲಾಕ್‌ಡೌನಿನಲ್ಲಿ ನನ್ನ ಶೆಡ್ಡು ಮುಚ್ಚಿದಾಗ ಹೇಳದೆ ಕೇಳದೆ ಮನೆ ಬಾಗಿಲಿಗೆ ಜೋಳದ ಚೀಲ ಬಂದದ್ದು ನಿಮಗೆ ಗೊತ್ತೇ ಇದೆ. ಚೀಲ ಕಳಿಸಿದವರು ಯಾರೆಂದು ಇಂದಿಗೂ ಯಾರೂ ಒಪ್ಪಿಕೊಂಡಿಲ್ಲ. ನನ್ನ ಮನೆಯವರು ಅವರಿಗೆ ನಮಸ್ಕಾರ ಹೇಳಿದ್ದಾರೆ.

ಈಗ ನಮ್ಮ ಕ್ಲಬ್ಬಿನ ಶಹಾಪುರದ ತಂಗಿಯ ವಿಷಯ. ಇದನ್ನು ಬರೆಯಬೇಕೆಂದೇ ಕುಳಿತಿದ್ದೇನೆ.

ಕಬ್ಬು ನುರಿಸುವ ಕಾಲ. ಸವದತ್ತಿಯಿಂದ ಬೈಲಹೊಂಗಲದ ಮೇಲೆ ಮರಳುತ್ತಿದ್ದೆವು. ಎಡಗಡೆಯ ಹೊಲದ ದಾರಿಯಿಂದ ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್ ರಸ್ತೆಗೆ ಏರಿತು. ನನ್ನ ಮುಂದಿದ್ದ ಅವಳು ಕನ್ನಡಿಯಲ್ಲಿ ಕಂಡು ಹಾರ್ನ್ ಬಿಡದೆ ಒತ್ತಿದಳು. ಆ ಸದ್ದಿಗೆ ನಾನು ಗಾಡಿಯನ್ನು ಬಲಕ್ಕೆ ಎಳೆದೆ. ಕಬ್ಬಿನ ಸೋಗೆ ಭುಜಕ್ಕೆ ತಾಗಿಹೋಯಿತು.

ಚಹಾದ ಅಂಗಡಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, “ಕಾಕಾ, ಟ್ರ್ಯಾಕ್ಟರ್ ನಿಮಗೆ ಕಾಣಿಸಿತೇ?” ಎಂದಳು. ಕಾಣಿಸಿತು ಎಂದು ಸುಳ್ಳು ಹೇಳಿದೆ. “ಹೋದ ಸಲ ನಾಯಿಯೂ ಕಾಣಿಸಿರಲಿಲ್ಲ. ನೀವು ಕಣ್ಣು ತೋರಿಸಿಕೊಂಡು ಬರುವವರೆಗೆ ನಿಮ್ಮ ಜೊತೆ ನಾನು ಗಾಡಿ ಓಡಿಸುವುದಿಲ್ಲ” ಎಂದಳು. ನನಗೆ ಸಿಟ್ಟು ಬಂತು. ಎರಡು ತಿಂಗಳು ನಿಮ್ಮ ಯಾರ ಫೋನನ್ನೂ ಎತ್ತಲಿಲ್ಲ. ಅವಳು ಬ್ರೇಕ್ ಡ್ರಮ್ ಹಿಡಿದುಕೊಂಡು ಶೆಡ್ಡಿಗೆ ಬಂದಳು. ಡ್ರಮ್ಮಿನಲ್ಲಿ ದೋಷವೇನೂ ಇರಲಿಲ್ಲ. ಕಣ್ಣಿನ ವೈದ್ಯರ ಬಳಿ ನನ್ನ ಹೆಸರು ಬರೆಸಿ ಬಂದಿದ್ದಳು.

ವೈದ್ಯರ ಬಳಿ ಪರೀಕ್ಷೆ ಹೀಗಿತ್ತು: ನೇರ ನೋಡುತ್ತಾ, ಅಕ್ಕಪಕ್ಕದಲ್ಲಿ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಎಡಗಡೆ ಎಷ್ಟೋ ಚುಕ್ಕೆಗಳು ನನಗೆ ಕಾಣಲೇ ಇಲ್ಲ. ಗ್ಲಾಕೋಮಾ ಎಂದರು. ಕಣ್ಣಿನ ನರ ಸದ್ದಿಲ್ಲದೆ ಸವೆಯುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಔಷಧದಿಂದ ಕಾಪಾಡಿಕೊಳ್ಳಬಹುದು. ಇನ್ನೂ ತಡವಾಗಿದ್ದರೆ ಉಳಿದದ್ದೂ ಹೋಗುತ್ತಿತ್ತು. ನನ್ನ ಗಾಡಿಗೆ ಯಾವುದೋ ಊರಿನ ಮಗು ಅಡ್ಡ ಬಂದಿದ್ದರೆ? ಆ ಯೋಚನೆ ಬಂದ ರಾತ್ರಿ ನಿದ್ದೆ ಹತ್ತಲಿಲ್ಲ.

ತಂಗೀ, ಹಿರಿಯನೆಂಬ ಮರ್ಯಾದೆಗೆ ನೀನು ಸುಮ್ಮನಿರಲಿಲ್ಲ. ಎಲ್ಲರ ಮುಂದೆ ಹೇಳಿ ನನ್ನನ್ನು ಸಣ್ಣವನನ್ನಾಗಿಯೂ ಮಾಡಲಿಲ್ಲ. ನನ್ನ ಎರಡು ತಿಂಗಳ ಸಿಟ್ಟಿಗೆ ಕ್ಷಮೆ ಇರಲಿ.

ನೇರ ನೋಟ ಇನ್ನೂ ಚೆನ್ನಾಗಿದೆ, ಲೇಥ್ ಬಿಟ್ಟಿಲ್ಲ. ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಕ್ಲಚ್ ಕೇಬಲ್ ಇರುವ ತಗಡಿನ ಡಬ್ಬಿ ಗಾಡಿಯ ಜೊತೆಗೇ ಹೋಗಿದೆ. ಇಷ್ಟು ವರ್ಷ ಕಡೆದ ಭಾಗಗಳ ಅಳತೆ ಬರೆದಿಟ್ಟ ನೋಟ್‌ಬುಕ್ ಕ್ಲಬ್ಬಿನದು. ಎಣ್ಣೆ ಹತ್ತಿದ ಪುಟಗಳನ್ನು ಬೇರೆ ಕಾಗದಕ್ಕೆ ಇಳಿಸಿಕೊಡುತ್ತೇನೆ. ಜುಲೈ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನಕ್ಕೆ ಜಾಂಬೋಟಿಯವರೆಗೆ ಬಸ್ಸಿನಲ್ಲಿ ಬಂದಿರುತ್ತೇನೆ. ವಡಗಾವಿಯ ತಮ್ಮ ಬಂದು ಗಾಡಿ ನಿಲ್ಲಿಸುವವರೆಗೆ ನಾನೂ ಚಹಾ ಹೇಳುವುದಿಲ್ಲ.

ನಿಮ್ಮ
ಕಾಕಾ